ವಲಸೆ ಹಕ್ಕಿ ನೋಡಲು ಪಕ್ಷಿಧಾಮವೇ ಬೇಕಿಲ್ಲ, ಊರ ಕೆರೆ ಸಾಕು

ವಲಸೆ ಹಕ್ಕಿ ಅಂದ ತಕ್ಷಣ ನಮ್ಮವರಿಗೆ ರಂಗನತಿಟ್ಟು ನೆನಪಾಗುತ್ತದೆ. ಕಾರು ಮಾಡಿಕೊಂಡು ಹೋಗುವುದು, ದೋಣಿ ಹತ್ತುವುದು, ಬಂಡೆ ಮೇಲೆ ಬಿದ್ದುಕೊಂಡ ಮೊಸಳೆಯ ಫೋಟೊ ತೆಗೆಯುವುದು, ಬರುವಾಗ ಮದ್ದೂರು ವಡೆ ತಿನ್ನುವುದು. ಬೇಡ ಅನ್ನುವುದಿಲ್ಲ. ಆದರೆ ಸೆಪ್ಟೆಂಬರಿನಿಂದ ನವೆಂಬರ್ ತನಕ ಹಕ್ಕಿಗಳು ಬಂದಿಳಿಯುವುದನ್ನು ನೋಡಬೇಕು ಅಂದರೆ ನಿಮ್ಮೂರಿನ ಕೆರೆಯೇ ವಾಸಿ. ಒಂದೇ ಕೆರೆಗೆ, ವಾರಕ್ಕೊಮ್ಮೆಯಾದರೂ, ಮತ್ತೆ ಮತ್ತೆ ಹೋಗಬೇಕು. ಹೋದ ವಾರ ಇಲ್ಲದ್ದು ಈ ವಾರ ಇದೆ ಅನ್ನುವುದು ಗೊತ್ತಾಗುವುದು ಹಾಗೆಯೇ. ಹತ್ತು ಜಾಗಕ್ಕೆ ಒಂದೊಂದು ಸಲ ಹೋದವರಿಗೆ ಹಕ್ಕಿ ಕಾಣುತ್ತದೆ, ವಲಸೆ ಕಾಣುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ವರ್ಷ ಯಾರಾದರೊಬ್ಬರು "ಸೈಬೀರಿಯಾದಿಂದ ಬಂದ ಕೊಕ್ಕರೆಗಳು" ಅಂತ ಬರೆಯುತ್ತಾರೆ. ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಯಾವುದೂ ಸೈಬೀರಿಯಾದವಲ್ಲ. ನೀರು, ಮೀನು ನೋಡಿಕೊಂಡು ನಮ್ಮ ದೇಶದೊಳಗೇ ಜಾಗ ಬದಲಿಸುವ, ಇಲ್ಲೇ ಗೂಡು ಕಟ್ಟಿ ಮರಿ ಮಾಡುವ ಹಕ್ಕಿಗಳು ಅವು. ಉತ್ತರದಿಂದ ಬರುವವು ಇಲ್ಲಿ ಗೂಡು ಕಟ್ಟುವುದಿಲ್ಲ. ಚಳಿಗಾಲವೆಲ್ಲ ತಿಂದುಂಡು ಮಾರ್ಚ್, ಏಪ್ರಿಲ್ ಹೊತ್ತಿಗೆ ವಾಪಸ್ ಹೊರಡುತ್ತವೆ. ಅವುಗಳಲ್ಲಿ ಜಾಸ್ತಿ ಪಾಲು ಸಣ್ಣವು, ಮಾಸಲು ಬಣ್ಣದವು, ಮೊದಲ ನೋಟಕ್ಕೆ ಯಾರ ಕಣ್ಣಿಗೂ ಬೀಳದಂಥವು. ಹಾಗಾಗಿ ದೊಡ್ಡ ಹಕ್ಕಿಯನ್ನೇ ಹುಡುಕುವ ಕಣ್ಣನ್ನು ಸ್ವಲ್ಪ ಪಳಗಿಸಬೇಕಾಗುತ್ತದೆ.

ಯಾವಾಗ ಹೋಗಬೇಕು

ತಿಂಗಳ ಲೆಕ್ಕಕ್ಕಿಂತ ಮಳೆ ನಕ್ಷತ್ರದ ಲೆಕ್ಕ ಹಿಡಿದರೆ ಹಳ್ಳಿಯಲ್ಲಿ ಸುಲಭ. ಹುಬ್ಬೆ ಮಳೆ ಮುಗಿದು ಉತ್ತರೆ ಹಿಡಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮಧ್ಯಕ್ಕೆ, ಮೊದಲ ತಂಡ ಬಂದಾಗಿರುತ್ತದೆ. ಕೆಸರಲ್ಲಿ ಮೇಯುವ ಗದ್ದೆಗೊರವಗಳು ಕೆಲವು ಆಗಸ್ಟಿನಲ್ಲೇ ಬಂದಿಳಿದಿರುತ್ತವೆ. ಮಲೆನಾಡಿನ ಹಳ್ಳದ ಕಲ್ಲುಗಳ ಮೇಲೆ ಬಾಲ ಕುಣಿಸುತ್ತಾ ಬೂದು ಸಿಪಿಲೆ ಓಡಾಡುತ್ತದೆ. ಕರೆಂಟ್ ತಂತಿ ಮೇಲೆ ಸಾಲಾಗಿ ಕವಲುತೋಕೆಗಳು ಕೂತಿರುತ್ತವೆ.

ಹಸ್ತ, ಚಿತ್ತೆ ಮಳೆಗಳ ಕಾಲವೇ ನನ್ನ ಮಟ್ಟಿಗೆ ಅತ್ಯುತ್ತಮ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 24ರ ತನಕ. ಹಳದಿ ಸಿಪಿಲೆ, ಕಂದು ಕಳಿಂಗ, ಹದ್ದಿನ ಜಾತಿಯ ಸೆಳೆವ, ಬಿಳಿಹುಬ್ಬಿನ ಬಾತು, ನವರಂಗ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಕೆಲವು ಇಲ್ಲೇ ಉಳಿಯುತ್ತವೆ, ಕೆಲವು ಒಂದೆರಡು ದಿನ ಹೊಟ್ಟೆ ತುಂಬಿಸಿಕೊಂಡು ಇನ್ನೂ ದಕ್ಷಿಣಕ್ಕೆ ಹೋಗುತ್ತವೆ. ಸ್ವಾತಿ, ವಿಶಾಖ ಬಂದಾಗ ಬಾತುಗಳ ದೊಡ್ಡ ಹಿಂಡು, ಆಮೇಲೆ ಹೆಬ್ಬಾತು.

ದಿನದಲ್ಲಿ ಬೆಳಿಗ್ಗೆ ಆರೂಕಾಲಿನಿಂದ ಒಂಬತ್ತರ ತನಕ, ಇಲ್ಲವೇ ಸಂಜೆ ನಾಲ್ಕೂವರೆಯಿಂದ ಕತ್ತಲಾಗುವ ತನಕ ಹೋಗಿ. ಮಧ್ಯಾಹ್ನ ಹೋಗಬೇಡಿ. ನೀರಿನ ಮೇಲೆ ಬಿಸಿಲ ಝಳ ಕುಣಿಯುತ್ತಿರುತ್ತದೆ, ಎಂಥ ದುರ್ಬೀನು ಇಟ್ಟರೂ ಹಕ್ಕಿ ಅಲುಗಾಡುವ ಚುಕ್ಕಿಯಂತೆ ಕಾಣುತ್ತದೆ ಅಷ್ಟೆ. ಎರಡು ದಿನ ಜಡಿಮಳೆ ಹಿಡಿದು ಬಿಟ್ಟ ಮರುದಿನದ ಬೆಳಗನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಸಣ್ಣ ಹಕ್ಕಿಗಳು ಜಾಸ್ತಿ ಪ್ರಯಾಣ ಮಾಡುವುದು ರಾತ್ರಿ ಹೊತ್ತು. ಮಳೆ ಗಾಳಿಗೆ ಸಿಕ್ಕರೆ ಎಲ್ಲಿದ್ದವೋ ಅಲ್ಲೇ ಇಳಿದುಬಿಡುತ್ತವೆ. ಅಂಥ ಬೆಳಿಗ್ಗೆ ನಿಮ್ಮ ಬೇಲಿಯಲ್ಲೇ ಹೊಸಬರು ಸಿಗಬಹುದು.

ಎಲ್ಲಿ ನಿಲ್ಲಬೇಕು

ಇದೇ ಮುಖ್ಯ. ಇದನ್ನು ಸರಿಯಾಗಿ ಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಎಲ್ಲರೂ ಹೋಗಿ ಏರಿ ಮೇಲೆ ನಿಲ್ಲುತ್ತಾರೆ. ರಸ್ತೆ ಅಲ್ಲೇ ಇರುತ್ತದೆ, ಬೈಕ್ ನಿಲ್ಲಿಸಬಹುದು, ಗಾಳಿ ಚೆನ್ನಾಗಿರುತ್ತದೆ. ಆದರೆ ಏರಿ, ತೂಬಿನ ಕಡೆ ನೀರು ಆಳ. ಅಲ್ಲಿ ಸಿಗುವುದು ನಾಮದ ಕೋಳಿ, ಗುಳುಮುಳುಕ, ನೀರುಕಾಗೆ. ಇವೆಲ್ಲ ಊರವೇ. ವಲಸೆ ಬಂದ ಗೊರವಗಳಿಗೆ ಬೇಕಾಗಿರುವುದು ಗೇಣುದ್ದಕ್ಕಿಂತ ಕಡಿಮೆ ನೀರು ಮತ್ತು ಹಸಿ ಕೆಸರು. ಅದು ಇರುವುದು ಏರಿಯ ಎದುರು ತುದಿಯಲ್ಲಿ, ಹಳ್ಳ ಬಂದು ಕೆರೆ ಸೇರುವ ಕಡೆ, ದನ ನೀರಿಗಿಳಿಯುವ ಕಡೆ. ದನದ ಗೊರಸು ಕೆಸರನ್ನು ಕಲಸಿ ಹುಳ ಮೇಲೆ ಬಂದಿರುತ್ತದೆ. ಮೊದಲ ಸಲ ಏರಿ ಮೇಲಿಂದ ಇಡೀ ಕೆರೆಯನ್ನು ಒಮ್ಮೆ ನೋಡಿಕೊಳ್ಳಿ. ಎಲ್ಲಿ ನೀರಿನ ಬಣ್ಣ ಬದಲಾಗಿದೆ, ಎಲ್ಲಿ ಕೆಸರು ಹೊಳೆಯುತ್ತಿದೆ ಅಂತ ಗುರುತಿಟ್ಟುಕೊಂಡು ಆಮೇಲೆ ಸುತ್ತಿಕೊಂಡು ಆ ಕಡೆಗೆ ಹೋಗಿ.

ಒಳ್ಳೆಯ ಮಳೆ ಬಂದು ಕೆರೆ ಕೋಡಿ ಬಿದ್ದ ವರ್ಷ ಊರಿಗೆಲ್ಲ ಖುಷಿ, ಗೊರವ ನೋಡುವವರಿಗೆ ಮಾತ್ರ ಕಷ್ಟ. ಕೆಸರೆಲ್ಲ ಮುಳುಗಿಹೋಗಿರುತ್ತದೆ. ಆಗ ಕೆರೆ ಬಿಟ್ಟು ಕೋಡಿ ಹಳ್ಳ, ಗೋಕಟ್ಟೆ, ಉತ್ತು ನೀರು ಕಟ್ಟಿದ ಗದ್ದೆ ನೋಡಿ. ಹೋದ ವರ್ಷ ಹಕ್ಕಿ ತುಂಬಿತ್ತು, ಈ ವರ್ಷ ಒಂದೂ ಇಲ್ಲ ಅಂತ ಕೆಲವರು ಗೊಣಗುತ್ತಾರೆ. ಹಕ್ಕಿ ಎಲ್ಲೂ ಹೋಗಿರುವುದಿಲ್ಲ, ಅರ್ಧ ಮೈಲಿ ಆಚೆ ಗದ್ದೆಯಲ್ಲಿರುತ್ತದೆ. ನೀರು ಇಳಿದಂತೆ ಡಿಸೆಂಬರಿಗೆ ಕೆರೆಗೇ ಬರುತ್ತದೆ.

ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರಬೇಕು, ಅಂದರೆ ಕೆರೆಯ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು. ಸಂಜೆಗೆ ಉಲ್ಟಾ. ಬಿಸಿಲಿನ ಎದುರು ನೋಡಿದರೆ ಹಕ್ಕಿಯೆಲ್ಲ ಕಪ್ಪು. ನಿಂತ ಜಾಗದಲ್ಲಿ ಒಂದು ಜಾಲಿ ಮರವೋ ಬೇಲಿಯೋ ಹಿಂದಿದ್ದರೆ ಒಳ್ಳೆಯದು, ಆಕಾಶದ ಎದುರು ಮನುಷ್ಯನ ಆಕಾರ ಕಂಡರೆ ಹಕ್ಕಿ ಹಾರುತ್ತದೆ. ಕೂತರೆ ಇನ್ನೂ ಒಳ್ಳೆಯದು. ಅರ್ಧ ಗಂಟೆ ಸುಮ್ನೆ ಕೂತಿರಿ, ಹಾರಿಹೋದವು ತಾವಾಗಿ ಮೇಯುತ್ತಾ ಹತ್ತಿರ ಬರುತ್ತವೆ.

ಏನು ತೆಗೆದುಕೊಂಡು ಹೋಗಬೇಕು

ಒಂದು ದುರ್ಬೀನು ಬೇಕು. 8x42 ಅಥವಾ 8x40 ತೆಗೆದುಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು 20 ಪಟ್ಟು, 30 ಪಟ್ಟು ಅಂತ ಆಸೆ ಹುಟ್ಟಿಸುತ್ತಾರೆ, ನಂಬಬೇಡಿ. ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಒಂದು ಚಿಕ್ಕ ನೋಟ್‌ಬುಕ್, ಪೆನ್ಸಿಲ್, ನೀರು, ಟೋಪಿ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಬಿಳಿ ಪಂಚೆ, ಬಿಳಿ ಅಂಗಿ ಬೇಡ. ಕಾಲಿಗೆ ಗಂಬೂಟು ಇದ್ದರೆ ಭೇಷ್. ಹಿಂಗಾರಿನಲ್ಲಿ ಬದುಗಳ ಮೇಲೆ ಹುಲ್ಲು ಮಂಡಿ ತನಕ ಬೆಳೆದಿರುತ್ತದೆ, ಕೊಳಕುಮಂಡಲ ಮಲಗಿದ್ದರೆ ಗೊತ್ತಾಗುವುದಿಲ್ಲ. ಕೋಲಿನಲ್ಲಿ ತಟ್ಟುತ್ತಾ ನಡೆಯಿರಿ.

ಫೋನಿನಲ್ಲಿ ಹಕ್ಕಿ ಗುರುತಿಸಲು ಮರ್ಲಿನ್, ನೋಡಿದ ಹಕ್ಕಿಗಳ ಪಟ್ಟಿ ಹಾಕಲು ಇ-ಬರ್ಡ್ ಆ್ಯಪ್ ಹಾಕಿಕೊಳ್ಳಿ. ಎರಡೂ ಉಚಿತ. ನಿಮ್ಮ ಭಾಗದ ಹಕ್ಕಿಗಳ ಪ್ಯಾಕನ್ನು ಮನೆಯಲ್ಲೇ ಇಳಿಸಿಕೊಂಡರೆ ಕೆರೆ ಹತ್ತಿರ ಸಿಗ್ನಲ್ ಇಲ್ಲದಿದ್ದರೂ ಮರ್ಲಿನ್ ಕೆಲಸ ಮಾಡುತ್ತದೆ. ಆದರೆ ಅದು ಹೇಳಿದ್ದನ್ನೆಲ್ಲ ನಂಬಬೇಡಿ. ಕೂಗು ಕೇಳಿ ಹೆಸರು ಹೇಳುವುದು ಸುಳಿವು ಮಾತ್ರ, ಕಣ್ಣಲ್ಲಿ ನೋಡಿದ ಮೇಲೆ ಬರೆದುಕೊಳ್ಳಿ.

ಮೊದಲು ಮೂರು ಗದ್ದೆಗೊರವ ಕಲಿಯಿರಿ

ಹೊಸಬರು ಎಡವುವುದೇ ಇಲ್ಲಿ. ಕೆಸರಲ್ಲಿ ಓಡಾಡುವ ಎಲ್ಲ ಕಂದು ಹಕ್ಕಿಯೂ ಒಂದೇ ಥರ ಕಾಣುತ್ತದೆ. ಮೂರನ್ನು ಬಿಡಿಸಿ ಗುರುತಿಸುವುದು ಬಂದರೆ ಸಾಕು, ನಾಲ್ಕನೆಯದು ಬಂದಾಗ "ಇದು ಬೇರೆ" ಅಂತ ತಾನಾಗಿ ಅನಿಸುತ್ತದೆ.

ಸಾಮಾನ್ಯ ಗದ್ದೆಗೊರವ ಒಂಟಿ. ನಡೆಯುವಾಗಲೂ ನಿಂತಾಗಲೂ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ, ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಬೆನ್ನು ಸಾದಾ ಕಂದು, ಹೊಟ್ಟೆ ಅಚ್ಚ ಬಿಳಿ. ಆ ಬಿಳಿ ಹೆಗಲ ಹತ್ತಿರ, ಎದೆಗೂ ರೆಕ್ಕೆಗೂ ನಡುವೆ, ಸಣ್ಣ ಮೊನೆಯಾಗಿ ಮೇಲಕ್ಕೆ ಚಾಚಿರುತ್ತದೆ. ಅದನ್ನು ನೋಡಿದರೆ ಮುಗಿಯಿತು. ಎಬ್ಬಿಸಿದರೆ ನೀರಿಗೆ ತಾಗಿದ ಹಾಗೆ ಕೆಳಗೇ ಹಾರುತ್ತದೆ. ರೆಕ್ಕೆಯನ್ನು ಪೂರ್ತಿ ಬಡಿಯದೆ ನಡುಗಿಸಿ ನಡುಗಿಸಿ ಸೆಟೆಸುತ್ತಾ ಹೋಗಿ ಆಚೆ ಕಲ್ಲಿನ ಮೇಲೆ ಇಳಿದು ಮತ್ತೆ ಬಾಲ ಕುಣಿಸಲು ಶುರು ಮಾಡುತ್ತದೆ.

ಹಸಿರು ಗದ್ದೆಗೊರವವೂ ಒಂಟಿಯೇ, ಆದರೆ ಇನ್ನೂ ಸಣ್ಣ ಜಾಗದಲ್ಲಿರುತ್ತದೆ. ಕಾಲುವೆ, ಮೋರಿ ಕೆಳಗಿನ ಗುಂಡಿ, ಅಡಿಕೆ ತೋಟದ ಬಸಿಗಾಲುವೆ. ಹೆಸರಿಗೆ ಹಸಿರು, ದೂರದಿಂದ ಕಪ್ಪು. ನೀವು ನೋಡುವ ಮೊದಲೇ ಅದು ನಿಮ್ಮನ್ನು ನೋಡಿ ಜೋರಾಗಿ ಕೂಗಿ ಎದ್ದು ಎತ್ತರಕ್ಕೆ ಹೋಗುತ್ತದೆ. ಹಾರುವಾಗ ರೆಕ್ಕೆ ಮೇಲೂ ಕಪ್ಪು, ಕೆಳಗೂ ಕಪ್ಪು, ಸೊಂಟ ಮಾತ್ರ ಬೆಳ್ಳಗೆ.

ಮೂರನೆಯದು ಅಡವಿ ಗದ್ದೆಗೊರವ. ಇದು ಐದಾರರ ಗುಂಪಿನಲ್ಲಿ ಗದ್ದೆ ಕೆಸರಲ್ಲಿ ಸಿಗುತ್ತದೆ. ಬೆನ್ನ ತುಂಬ ತಿಳಿ ಚುಕ್ಕೆ, ಕಣ್ಣ ಮೇಲೆ ಉದ್ದ ಬಿಳಿ ಹುಬ್ಬು, ಕಾಲು ಹಳದಿಗೆ ತಿರುಗಿದ ಬಣ್ಣ. ಇದಕ್ಕೂ ಸೊಂಟ ಬಿಳಿಯೇ, ಆದರೆ ರೆಕ್ಕೆಯ ಕೆಳಭಾಗ ತಿಳಿ. ಎದ್ದರೆ ಗುಂಪೆಲ್ಲ ಒಟ್ಟಿಗೆ "ಚಿಫ್ ಚಿಫ್ ಚಿಫ್" ಅನ್ನುತ್ತಾ ಹೋಗುತ್ತದೆ.

ಇಲ್ಲೇ ಸಿಪಿಲೆಗಳನ್ನೂ ನೋಡಿಕೊಳ್ಳಿ, ನಮ್ಮಲ್ಲಿ ಕುಂಡೆಕುಸ್ಕ ಅನ್ನುತ್ತಾರಲ್ಲ, ಅವೇ. ದೊಡ್ಡದಾಗಿ, ಕಪ್ಪು ಬಿಳಿಯಾಗಿ, ವರ್ಷವಿಡೀ ಇರುವುದು ಊರಿನದು. ಹಳ್ಳದ ಹತ್ತಿರ, ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲ ಅಂದರೆ ಬೂದು ಸಿಪಿಲೆ. ಬಯಲಲ್ಲಿ ಮೇಯುವ ದನದ ಕಾಲಡಿಯಲ್ಲಿ ಓಡುತ್ತಾ ನೊಣ ಹಿಡಿಯುತ್ತಿದ್ದರೆ ಹಳದಿ ಸಿಪಿಲೆ. ಈ ಎರಡೂ ವಲಸೆಯವು.

ಬಾತುಗಳು ಯಾಕೆ ಎಲ್ಲ ಹೆಣ್ಣಿನ ಥರವೇ ಕಾಣುತ್ತವೆ

ಪುಸ್ತಕದಲ್ಲಿ ಗಂಡು ಬಾತಿಗೆ ಚೆಂದದ ಬಣ್ಣ ಇರುತ್ತದೆ. ಅಕ್ಟೋಬರಿನಲ್ಲಿ ಕೆರೆಗೆ ಹೋದರೆ ಎಲ್ಲವೂ ಮಾಸಲು ಕಂದು. ಗಂಡುಗಳು ಮರಿ ಮಾಡುವ ಕಾಲ ಮುಗಿದ ಮೇಲೆ ಬಣ್ಣದ ಗರಿ ಉದುರಿಸಿ ಹೆಣ್ಣಿನ ಥರದ ಗರಿ ಹೊದ್ದಿರುತ್ತವೆ. ಆ ವೇಷದಲ್ಲೇ ಇಲ್ಲಿಗೆ ಬರುತ್ತವೆ. ಬಿಳಿಹುಬ್ಬಿನ ಬಾತಿನ ಗಂಡಿಗಂತೂ ಆ ಬಿಳಿ ಹುಬ್ಬು ಮತ್ತೆ ಬರುವ ಹೊತ್ತಿಗೆ ಚಳಿಗಾಲವೇ ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಬಣ್ಣ ಬಿಟ್ಟು ಆಕಾರ ನೋಡಿ. ಕೊಕ್ಕು ಸೌಟಿನ ಹಾಗೆ ಮುಂದೆ ಅಗಲವಾಗಿದ್ದು ತಲೆ ತಗ್ಗಿಸಿ ನೀರು ಸೋಸುತ್ತಿದ್ದರೆ ಚಲುಕ ಬಾತು. ಕತ್ತು ಉದ್ದ, ಬಾಲ ಚೂಪು ಅಂದರೆ ಸೂಜಿಬಾಲದ ಬಾತು. ತೀರಾ ಚಿಕ್ಕದು, ಮುಖದ ಮೇಲೆ ಗೆರೆ ಗೆರೆ ಇದ್ದರೆ ಬಿಳಿಹುಬ್ಬಿನದು. ಶಿಳ್ಳೆಬಾತು, ವರಟೆಗಳು ಇಲ್ಲಿಯವೇ, ಅವನ್ನು ಮೊದಲು ಬೇರೆ ಮಾಡಿ ಪಕ್ಕಕ್ಕಿಡಿ.

ಕೆರೆ ಮೇಲೆ ಜೌಗು ಸೆಳೆವ ಬರುವುದನ್ನು ಕಾಯಿರಿ. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು ಜೊಂಡಿನ ಮೇಲೆ ತೇಲುತ್ತಾ ಬರುತ್ತದೆ. ಅದು ಬಂದರೆ ಇಡೀ ಕೆರೆ ಏಳುತ್ತದೆ. ಜೊಂಡಿನೊಳಗೆ ಅಡಗಿದ್ದ ಬಾತುಗಳ ಲೆಕ್ಕ ಸಿಗುವುದು, ರೆಕ್ಕೆಯ ಪಟ್ಟಿ ಕಾಣುವುದು ಆಗಲೇ. ನೀವಾಗಿ ಕಲ್ಲೆಸೆದು ಎಬ್ಬಿಸುವ ಅಗತ್ಯವೇ ಇಲ್ಲ.

ಹೊಲ, ಬೇಲಿ, ಹಿತ್ತಲು

ಕೆರೆ ಇಲ್ಲದ ಊರಿನವರು ಬೇಸರ ಮಾಡಿಕೊಳ್ಳಬೇಕಿಲ್ಲ. ಬಯಲುಸೀಮೆಯ ಕಡೆ ಜೋಳದ ಹೊಲ, ಆಲದ ಮರ ನೋಡಿ. ಗುಲಾಬಿ ಮೈನಾ ಮಧ್ಯ ಏಷ್ಯಾದಿಂದ ಹಿಂಡು ಹಿಂಡಾಗಿ ಬರುತ್ತದೆ. ಅಲ್ಲಿ ಮಿಡತೆ ತಿಂದು ಮರಿ ಬೆಳೆಸುವ ಹಕ್ಕಿ ಇಲ್ಲಿಗೆ ಬಂದು ಕಾಳಿಗೂ ಹಣ್ಣಿಗೂ ಮುತ್ತುತ್ತದೆ, ಹಾಗಾಗಿ ರೈತರಿಗೆ ಅದರ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಆ ವರ್ಷದ ಮರಿಗಳು ಗುಲಾಬಿಯಲ್ಲ, ಮಣ್ಣು ಬಣ್ಣ, ಕೊಕ್ಕು ತಿಳಿ ಹಳದಿ. ಹುಲ್ಲುಗಾವಲು, ಕಟಾವಾದ ಹೊಲಗಳ ಮೇಲೆ ಸಂಜೆ ಹೊತ್ತು ಇತರ ಸೆಳೆವಗಳು ತಗ್ಗಿನಲ್ಲಿ ಹಾರಾಡುತ್ತವೆ. ರಾತ್ರಿ ನೆಲದ ಮೇಲೇ, ಹುಲ್ಲಿನ ನಡುವೆ ಗುಂಪಾಗಿ ಮಲಗುತ್ತವೆ. ಎಲ್ಲಿ ಇಳಿಯುತ್ತವೆ ಅಂತ ದೂರದಿಂದಲೇ ನೋಡಿ, ಟಾರ್ಚು ಹಿಡಿದು ಹೋಗಬೇಡಿ.

ಬೇಲಿಯಲ್ಲಿ ಕಿವಿ ಜಾಸ್ತಿ ಕೆಲಸ ಮಾಡಬೇಕು. ಪೊದೆಯೊಳಗಿಂದ "ಟಕ್, ಟಕ್" ಅಂತ ಯಾರೋ ನಾಲಿಗೆ ಲೊಚಗುಟ್ಟಿದ ಹಾಗೆ ಕೇಳಿದರೆ ಅದು ಉಲಿಯಕ್ಕಿಗಳಲ್ಲಿ ಒಂದು. ಬೇಲಿ ತುದಿಯಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂತು ಗಡುಸಾಗಿ ಬೈಯುತ್ತಿದ್ದರೆ ಕಂದು ಕಳಿಂಗ. ಬಂದ ಮೊದಲ ವಾರ ಜಾಗಕ್ಕಾಗಿ ಜಗಳ ಜೋರು, ಆಗಲೇ ಸುಲಭವಾಗಿ ಕಾಣುತ್ತದೆ.

ನವರಂಗ ಬರುವುದು ಅಕ್ಟೋಬರಿನಲ್ಲಿ, ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಡೆಯಿಂದ. ರಾತ್ರಿ ಹಾರಿ ಬಂದು ಸುಸ್ತಾಗಿ ಮನೆ ಗೋಡೆಗೆ, ಕಿಟಕಿಗೆ ಬಡಿದು ಅಂಗಳದಲ್ಲಿ ಕೂತಿರುವುದುಂಟು. ಬೆಳಿಗ್ಗೆ ಎದ್ದು ನೋಡಿದರೆ ಹಸಿರು, ನೀಲಿ, ಕೆಂಪು ಎಲ್ಲ ಇರುವ ಮೋಟು ಬಾಲದ ಹಕ್ಕಿ! ಫೋಟೊಗಾಗಿ ಕೈಯಲ್ಲಿ ಹಿಡಿದು ಮನೆಮಂದಿಗೆಲ್ಲ ದಾಟಿಸಬೇಡಿ. ಬಾಯಿಗೆ ನೀರು ಬಿಡಬೇಡಿ. ಒಂದು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು ಮುಚ್ಚಿ, ಬೆಕ್ಕು ಬರದ ಕತ್ತಲೆ ಕೋಣೆಯಲ್ಲಿಡಿ. ಒಂದೆರಡು ಗಂಟೆ ಬಿಟ್ಟು ತೋಟದ ಪೊದೆ ಹತ್ತಿರ ಪೆಟ್ಟಿಗೆ ತೆರೆದರೆ ಹೆಚ್ಚಿನವು ಹಾರಿಹೋಗುತ್ತವೆ. ರೆಕ್ಕೆ ಜೋತಿದ್ದರೆ ಮಾತ್ರ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.

ಕರಾವಳಿ ಮತ್ತು ಘಟ್ಟದವರು ನವೆಂಬರಿನಲ್ಲಿ ಆಕಾಶ ನೋಡುತ್ತಿರಿ. ಅಮುರ್ ಚಾಣಗಳೆಂಬ ಪುಟ್ಟ ಬೇಟೆ ಹಕ್ಕಿಗಳು ಪೂರ್ವ ಏಷ್ಯಾದಿಂದ ನಾಗಾಲ್ಯಾಂಡ್, ಮಣಿಪುರಕ್ಕೆ ಬಂದು, ಅಲ್ಲಿ ಗೆದ್ದಲು ತಿಂದು ಕೊಬ್ಬಿ, ನಮ್ಮ ಪರ್ಯಾಯ ದ್ವೀಪ ದಾಟಿ ಅರಬ್ಬಿ ಸಮುದ್ರದ ಮೇಲಿಂದ ಆಫ್ರಿಕಾಕ್ಕೆ ಹೋಗುತ್ತವೆ. ಸಮುದ್ರದ ಮೇಲೆ ಎಲ್ಲೂ ಇಳಿಯುವ ಹಾಗಿಲ್ಲ. ಆಕಾಶ ತುಂಬಿ ಹಾರುವ ಏರೋಪ್ಲೇನ್ ಚಿಟ್ಟೆಗಳ ಜೊತೆಗೇ ಸಣ್ಣ ಗುಂಪುಗಳಾಗಿ ಕಾಣಬಹುದು. ಕುಮಟಾ ಕಡೆಯವರಿಗೆ ಅಘನಾಶಿನಿ ಅಳಿವೆಯ ಕೆಸರು ಬಯಲು ಇದ್ದೇ ಇದೆ. ಅಲ್ಲಿ ಸೂರ್ಯನ ಲೆಕ್ಕ ಬಿಟ್ಟು ಉಬ್ಬರ ಇಳಿತದ ಲೆಕ್ಕ ಹಿಡಿಯಿರಿ, ನೀರು ಇಳಿಯುತ್ತಿರುವಾಗ ಹೋಗಬೇಕು.

ಎಣಿಸುವುದು, ಬರೆಯುವುದು, ಜನರ ಜೊತೆ ಮಾತು

ಹೆಸರು ಗೊತ್ತಿಲ್ಲದಿದ್ದರೂ ಬರೆಯಿರಿ. ದಿನ, ಹೊತ್ತು, ನೀರು ಎಲ್ಲಿ ತನಕ ಇದೆ, ಯಾವ ಹಕ್ಕಿ ಎಷ್ಟು. ದೊಡ್ಡ ಹಿಂಡಿದ್ದರೆ ಹತ್ತನ್ನು ಸರಿಯಾಗಿ ಎಣಿಸಿ, ಹತ್ತು ಅಂದರೆ ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿಗೆ ಕೂರಿಸಿಕೊಂಡು, ಅಷ್ಟಷ್ಟಾಗಿ ಅಳೆದುಕೊಂಡು ಹೋಗಿ. "ಸಾವಿರಾರು" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಪಟ್ಟಿಯನ್ನು ಇ-ಬರ್ಡ್‌ಗೆ ಹಾಕಿ. ನಮ್ಮ ಹಳ್ಳಿ ಕೆರೆಗಳ ಪಟ್ಟಿ ಅಲ್ಲಿ ತೀರಾ ಕಡಿಮೆ ಇದೆ ಅನ್ನುವುದು ನನ್ನ ಗೊಣಗಾಟ, ಬೆಂಗಳೂರು, ಮೈಸೂರಿನ ಸುತ್ತ ಮಾತ್ರ ಹಾಕುತ್ತಾರೆ. ಅಕ್ಟೋಬರಿನ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನ, ಶುರು ಮಾಡಲು ಅದೊಂದು ನೆಪ ಇದೆ.

ಊರವರ ಹತ್ತಿರ ಮಾತಾಡಿ. ಕುರಿ ಕಾಯುವವರಿಗೆ, ಬಲೆ ಹಾಕುವವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಯಾವ ಮೂಲೆಯಲ್ಲಿ ಬೆಳಿಗ್ಗೆ ಕೂರುತ್ತವೆ, ಯಾವಾಗ ಏಳುತ್ತವೆ ಎಲ್ಲ ಹೇಳುತ್ತಾರೆ. ಹೊಲಕ್ಕೆ ಇಳಿಯುವ ಮುಂಚೆ ಕೇಳಿ, ಬದು ಬಿಟ್ಟು ಬೆಳೆಯಲ್ಲಿ ಕಾಲಿಡಬೇಡಿ. ಯಾರಾದರೂ ಬಲೆ, ಉರುಳು ಹಾಕಿದ್ದು ಕಂಡರೆ ನೀವೇ ಜಗಳಕ್ಕೆ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು, ಡ್ರೋನ್ ಹಾರಿಸುವುದು, ನಾಯಿ ಕರೆದುಕೊಂಡು ಹೋಗುವುದು ಬೇಡವೇ ಬೇಡ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಯನ್ನು ದಿನಕ್ಕೆ ನಾಲ್ಕು ಸಲ ಎಬ್ಬಿಸಿದರೆ ಅದು ತಿನ್ನುವುದು ಯಾವಾಗ? ಹಿಂಗಾರಿನ ಗುಡುಗು ಶುರುವಾದರೆ ಏರಿ ಮೇಲೂ ಒಂಟಿ ಮರದ ಕೆಳಗೂ ನಿಲ್ಲಬೇಡಿ, ಸಿಡಿಲು ಹೊಡೆಯುವುದು ಅಂಥ ಕಡೆಯೇ.

ಹೆಬ್ಬಾತಿಗೆ ಬೇರೆಯೇ ಲೆಕ್ಕ

ಇಷ್ಟೆಲ್ಲ ಹೇಳಿ ಪಟ್ಟೆತಲೆ ಹೆಬ್ಬಾತು ಬಿಟ್ಟರೆ ಆಗುತ್ತಾ. ಬಿಳಿ ತಲೆ, ಹಿಂಬದಿಗೆ ಎರಡು ಕಪ್ಪು ಪಟ್ಟಿ. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಕೆರೆಗಳಲ್ಲಿ ಮರಿ ಮಾಡಿ ಹಿಮಾಲಯ ದಾಟಿ ಬರುತ್ತದೆ. ಯಂತ್ರ ಕಟ್ಟಿ ನೋಡಿದಾಗ 7,000 ಮೀಟರಿಗಿಂತ ಮೇಲೆ ಹಾರಿದ್ದು ದಾಖಲಾಗಿದೆ. ಗದಗ ಜಿಲ್ಲೆಯ ಮಾಗಡಿ ಕೆರೆ ಇದಕ್ಕೇ ಹೆಸರುವಾಸಿ. 2024ರಲ್ಲಿ ಅಘನಾಶಿನಿ ಅಳಿವೆ, ವಿಜಯನಗರ ಜಿಲ್ಲೆಯ ಅಂಕಸಮುದ್ರದ ಜೊತೆ ಮಾಗಡಿಯೂ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಮೈಸೂರು ಕಡೆಯವರಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ, ಯಾದಗಿರಿಯವರಿಗೆ ಬೋನಾಳ ಕೆರೆ.

ನವೆಂಬರ್ ಮೊದಲ ವಾರಗಳಲ್ಲಿ ಬರಲು ಶುರು, ಡಿಸೆಂಬರ್, ಜನವರಿಗೆ ಜಾಸ್ತಿ. ಇವು ಹಗಲು ಕೆರೆಯಲ್ಲಿ ವಿಶ್ರಾಂತಿ ತೆಗೆದುಕೊಂಡು ಸಂಜೆ ಹೊಲಗಳಿಗೆ ಮೇಯಲು ಹೋಗುತ್ತವೆ, ಬೆಳಿಗ್ಗೆ ವಾಪಸ್ ಬರುತ್ತವೆ. ಹಾಗಾಗಿ ಬೆಳಕು ಹರಿಯುವ ಮುಂಚೆಯೇ ಏರಿ ಹತ್ತಿರ ಕೂತಿರಿ. ಇಲ್ಲಿ ಮಾತ್ರ ಏರಿಯೇ ಸರಿ. ಮೊದಲು ದೂರದಿಂದ "ಆಂಗ್ ಆಂಗ್" ಅಂತ ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಇಳಿದ ಮೇಲೆ ದುರ್ಬೀನಿನಲ್ಲಿ ಒಂದೊಂದರ ಕತ್ತನ್ನೂ ನೋಡುತ್ತಾ ಹೋಗಿ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ತೊಡಿಸಿದ ಹಸಿರು ಕೊರಳಪಟ್ಟಿಯ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲೂ ಸಿಕ್ಕಿವೆ. ಪಟ್ಟಿ ಕಂಡರೆ ಬಣ್ಣ, ಮೇಲಿನ ಅಕ್ಷರ, ಅಂಕಿ, ಕೆರೆಯ ಹೆಸರು, ದಿನ ಬರೆದುಕೊಂಡು, ಸಾಧ್ಯವಾದರೆ ಫೋಟೊ ತೆಗೆದು ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಅಕ್ಷರ ಅರ್ಧ ಮಾತ್ರ ಓದಲು ಬಂದರೆ ಅರ್ಧವನ್ನೇ ಕಳಿಸಿ, ಊಹೆ ಮಾಡಿ ತುಂಬಬೇಡಿ. ಬೆನ್ನ ಮೇಲೆ ಪುಟ್ಟ ಯಂತ್ರ ಇದ್ದರೂ ಅಷ್ಟೇ, ಬೇಹುಗಾರಿಕೆ ಅಂತ ಊರವರು ಗಾಬರಿಯಾದರೆ ಅದು ದಾರಿ ತಿಳಿಯಲು ಕಟ್ಟಿದ್ದು ಅಂತ ತಿಳಿಸಿ ಹೇಳಿ, ಹಿಡಿಯಲು ಬಿಡಬೇಡಿ.